ಲಾರಿ ಸೈಲೆನ್ಸರ್: ಒರಿಜಿನಲ್ಲೋ, ಮಾರ್ಕೆಟ್ಟಿನದೋ, ಗುಜರಿಯದೋ?

ನಮ್ಮದು 2014ರ ಹತ್ತು ಚಕ್ರದ ಲಾರಿ. ಪಣಂಬೂರು ಬಂದರಿನಲ್ಲಿ ಗೊಬ್ಬರ ತುಂಬಿ, ಶಿರಾಡಿ ಹತ್ತಿ ಹಾಸನಕ್ಕೆ ಬರುವುದೇ ಹೆಚ್ಚು. ಕೆಳಗೆ ಕಡಲಿನ ಉಪ್ಪು ಗಾಳಿ, ಮೇಲೆ ಗೊಬ್ಬರದ ಪುಡಿ, ನಡುವೆ ಘಾಟಿಯ ಮಳೆ. ಸೈಲೆನ್ಸರ್ ಕೊಳೆಯದೆ ಇನ್ನೇನಾದೀತು? ಇಷ್ಟು ವರ್ಷದಲ್ಲಿ ಒರಿಜಿನಲ್ (ಗಾಡಿ ಕಂಪನಿಯದೇ), ಮಾರ್ಕೆಟ್ ಮಾಲು (ಬೇರೆಯವರು ಮಾಡಿದ ಹೊಸದು), ಗುಜರಿಯದು, ಮೂರನ್ನೂ ಹಾಕಿ ನೋಡಿದ್ದೇನೆ.

ಮೊದಲು ಸೈಲೆನ್ಸರ್ ಡಬ್ಬ. ಗಾಡಿಯ ಜೊತೆ ಬಂದದ್ದು ಐದು ವರ್ಷ ಬಾಳಿತು. ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಮಾರ್ಕೆಟ್ ಮಾಲು ತಂದೆ, ಒರಿಜಿನಲ್‌ನ ಅರ್ಧಕ್ಕಿಂತ ಕಡಿಮೆ ರೇಟು. ಹಾಕುವ ಮೊದಲು ಸುಮ್ನೆ ಕುತೂಹಲಕ್ಕೆ ಗುಜರಿ ಅಂಗಡಿಯ ತಕ್ಕಡಿಯಲ್ಲಿ ಎರಡನ್ನೂ ತೂಗಿಸಿದೆ. ಹಳೆಯದು ತುಕ್ಕು ಹಿಡಿದು ಉದುರಿದ ಮೇಲೂ 22 ಕೆ.ಜಿ. ಹೊಸದು 16. ಆಗಲೇ ಅರ್ಥವಾಗಬೇಕಿತ್ತು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ತಳ ತೂತಾಯಿತು.

ತೂತು ಬಿದ್ದದ್ದು ಒಳಗಿನಿಂದ. ಡೀಸೆಲ್ ಉರಿದರೆ ಹೊಗೆಯ ಜೊತೆ ನೀರಿನ ಆವಿಯೂ ಬರುತ್ತದೆ. ಬಂದರಿನ ಕ್ಯೂನಲ್ಲಿ ಎಂಜಿನ್ ಹಾಕಿ, ಆರಿಸಿ, ನಾಲ್ಕು ಮಾರು ಮುಂದೆ ಹೋಗಿ ನಿಲ್ಲಿಸಿದರೆ ಡಬ್ಬ ಸರಿಯಾಗಿ ಕಾಯುವುದೇ ಇಲ್ಲ. ನೀರು ಒಳಗೇ ನಿಲ್ಲುತ್ತದೆ, ಹೊಗೆಯ ಆಮ್ಲ ಅದಕ್ಕೆ ಸೇರುತ್ತದೆ. ಒರಿಜಿನಲ್ ಡಬ್ಬದ ತಳದಲ್ಲಿ ನೀರು ಇಳಿಯಲು ಒಂದು ಸಣ್ಣ ತೂತು ಇತ್ತು. ಮಾರ್ಕೆಟ್ಟಿನದರಲ್ಲಿ ಇರಲಿಲ್ಲ.

ಗುಜರಿಯದು ಚೆಂದ ಕಾಣುತ್ತಿತ್ತು, ಬೆಳ್ಳಿ ಬಣ್ಣ ಬಳಿದಿದ್ದರು. ಅಲ್ಲಾಡಿಸಿದರೆ ಒಳಗೆ ಗಳಗಳ ಸದ್ದು. ಒಳಗಿನ ತಗಡು ಕಳಚಿತ್ತು. ಆರು ತಿಂಗಳೂ ಬರಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಇನ್ನು ಬೆಲ್ಲೋ, ಅಂದರೆ ಎಂಜಿನ್ನಿನ ಟರ್ಬೊ ಕಡೆಯ ಪೈಪಿಗೂ ಸೈಲೆನ್ಸರಿಗೂ ನಡುವಿನ ಸುಕ್ಕುಸುಕ್ಕು ಪೈಪು. ಎಂಜಿನ್ ಅಲ್ಲಾಡುತ್ತದೆ, ಸೈಲೆನ್ಸರ್ ಚಾಸಿಸ್‌ಗೆ ಬಿಗಿದಿರುತ್ತದೆ. ಆ ಅಲುಗಾಟವನ್ನೆಲ್ಲ ನುಂಗುವುದು ಇದೇ. ಇಲ್ಲಿ ನಾನು ಮಾರ್ಕೆಟ್ ಮಾಲಿಗೆ ಅನ್ಯಾಯ ಮಾಡಿದ್ದೇನೆ, ಒಪ್ಪಿಕೊಳ್ಳಬೇಕು. ಮೊದಲ ಬೆಲ್ಲೋ ನಾಲ್ಕೇ ತಿಂಗಳಿಗೆ ಸೀಳಿತು. ಡೂಪ್ಲಿಕೇಟ್ ಎಂದು ಬೈದು ಒರಿಜಿನಲ್ ತಂದೆ. ಅದೂ ಐದು ತಿಂಗಳಿಗೆ ಸೀಳಿತು! ಆಗ ಸಕಲೇಶಪುರದ ಒಬ್ಬ ಹಳೇ ಮೇಸ್ತ್ರಿ ಗಾಡಿಯ ಕೆಳಗೆ ಮಲಗಿ ನೋಡಿ, "ಅಣ್ಣಾ, ಬೆಲ್ಲೋದು ಏನೂ ತಪ್ಪಿಲ್ಲ. ಸೈಲೆನ್ಸರ್ ಜೋತು ಬಿದ್ದಿದೆ, ಅದರ ಭಾರ ಎಲ್ಲಾ ಇದೇ ಹೊತ್ಕೊಂಡಿದೆ" ಎಂದರು. ಸೈಲೆನ್ಸರನ್ನು ಚಾಸಿಸ್‌ಗೆ ತೂಗಿಹಾಕುವ ಹ್ಯಾಂಗರ್ ರಬ್ಬರ್ ಹರಿದು ಎಷ್ಟು ಕಾಲವಾಗಿತ್ತೋ.

ರಬ್ಬರ್ ಬದಲಿಸಿ, ಮತ್ತೆ ಮಾರ್ಕೆಟ್ಟಿನ ಬೆಲ್ಲೋವನ್ನೇ ಹಾಕಿದೆವು. ಈ ಸಲ ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304 ದರ್ಜೆಯದು ಆರಿಸಿದೆ. ಅಂಗಡಿಯವರ ಮಾತು ನಂಬದೆ ಅಯಸ್ಕಾಂತ ಒಯ್ಯಿರಿ. 304ಕ್ಕೆ ಅದು ಹೆಚ್ಚುಕಡಿಮೆ ಅಂಟುವುದಿಲ್ಲ. 409 ಕೂಡ ಸ್ಟೇನ್‌ಲೆಸ್ಸೇ, ಆದರೆ ಅಂಟುತ್ತದೆ, ಹೊರಗಡೆ ಬೇಗ ತುಕ್ಕು ಕಾಣುತ್ತದೆ. ಈ ಬೆಲ್ಲೋ ಮೂರು ವರ್ಷ ದಾಟಿದೆ.

ಕೂರಿಸುವ ಕ್ರಮವನ್ನೂ ಆ ಮೇಸ್ತ್ರಿಯೇ ಕಲಿಸಿದರು. ಟರ್ಬೊ ಕಡೆಯಿಂದ ಶುರುಮಾಡಿ ಎಲ್ಲ ನಟ್ಟುಗಳನ್ನೂ ಬೆರಳಿನಲ್ಲಷ್ಟೇ ತಿರುಗಿಸಿ ಬಿಡುವುದು. ಸೈಲೆನ್ಸರ್ ಹ್ಯಾಂಗರಿನಲ್ಲಿ ತಾನಾಗಿ ಕೂರಬೇಕು, ಬೆಲ್ಲೋ ನೇರ ಇರಬೇಕು, ತಿರುಚಿರಬಾರದು, ಎಳೆದಿರಬಾರದು. ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುವುದು. ನಾನು ಅಲ್ಲಿಯವರೆಗೆ ಹಿಂದಿನ ಕ್ಲಾಂಪ್ ಮೊದಲು ಬಿಗಿದು, ಮುಂದೆ ಬೋಲ್ಟಿನ ತೂತು ಕೂಡದಿದ್ದರೆ ರಾಡು ಹಾಕಿ ಮೀಟುತ್ತಿದ್ದೆ. ಸೀಳದೆ ಇನ್ನೇನು, ಅಲ್ವಾ?

ಕ್ಲಾಂಪಿನಲ್ಲೂ ವ್ಯತ್ಯಾಸ ಇದೆ. ಯು ಕ್ಲಾಂಪ್ ಅಗ್ಗ, ಎಲ್ಲಾ ಕಡೆ ಸಿಗುತ್ತದೆ. ಆದರೆ ಪೈಪನ್ನು ಕಚ್ಚಿ ತಗ್ಗು ಮಾಡುತ್ತದೆ, ಮುಂದಿನ ಸಲ ಬಿಚ್ಚಲು ಕಟ್ಟರ್ರೇ ಬೇಕು. ಅಗಲ ಪಟ್ಟಿಯ ಕ್ಲಾಂಪಿಗೆ ಸ್ವಲ್ಪ ಜಾಸ್ತಿ ದುಡ್ಡು. ಸುತ್ತಲೂ ಸಮನಾಗಿ ಹಿಡಿಯುತ್ತದೆ, ಬಿಚ್ಚಲೂ ಬರುತ್ತದೆ. ನಾನೀಗ ಪಟ್ಟಿಯದೇ ಹಾಕುವುದು.

ಪ್ಯಾಕಿಂಗ್, ಅಂದರೆ ಹೊಗೆ ಸೋರದಂತೆ ಜಾಯಿಂಟಿನ ನಡುವೆ ಇಡುವ ತೆಳು ಹಾಳೆ, ಅದರ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ನಮ್ಮ ಗಾಡಿಯಲ್ಲಿ ಎಕ್ಸಾಸ್ಟ್ ಬ್ರೇಕಿನ ವಾಲ್ವ್ ಇರುವುದು ಬೆಲ್ಲೋಗಿಂತ ಮುಂದೆ, ಟರ್ಬೊ ಪಕ್ಕ. ಘಾಟಿ ಇಳಿಯುವಾಗ ವಾಲ್ವ್ ಮುಚ್ಚಿದರೆ ಹೊಗೆಯ ಒತ್ತಡವೆಲ್ಲ ಅದಕ್ಕೂ ಎಂಜಿನ್‌ಗೂ ನಡುವೆ ಕಟ್ಟಿಕೊಳ್ಳುತ್ತದೆ. ಆ ಒತ್ತಡವೇ ಗಾಡಿ ಹಿಡಿಯುವುದು. ಒಂದು ವರ್ಷ ಅಲ್ಲಿ ಲೋಕಲ್ ಶೀಟು ಕತ್ತರಿಸಿ ಪ್ಯಾಕಿಂಗ್ ಮಾಡಿ ಹಾಕಿದ್ದೆವು. ಶಿರಾಡಿ ಇಳಿಯುವಾಗ ಎಕ್ಸಾಸ್ಟ್ ಬ್ರೇಕ್ ಹಿಡಿತವೇ ಇಲ್ಲ, ಕಾಲಿನ ಬ್ರೇಕ್ ಒತ್ತಿ ಒತ್ತಿ ಡ್ರಮ್ ವಾಸನೆ ಬಂತು. ಗುಂಡ್ಯದಲ್ಲಿ ನಿಲ್ಲಿಸಿ ನೋಡಿದರೆ ಜಾಯಿಂಟಿನ ಸುತ್ತ ಕಪ್ಪು ಮಸಿ. ಅಲ್ಲಿಗೆ ಈಗ ಕಂಪನಿಯ ಲೋಹದ ಪ್ಯಾಕಿಂಗೇ. ಹೊಸ ಸ್ಟಡ್ಡು, ಹೊಸ ನಟ್ಟು, ಎಳೆಗೆ ತಾಮ್ರದ ಗ್ರೀಸು.

ಸದ್ಯ ಗಾಡಿಯಲ್ಲಿ ಇರುವುದು: ಡಬ್ಬ ಒರಿಜಿನಲ್, ಪ್ಯಾಕಿಂಗ್ ಒರಿಜಿನಲ್, ಬೆಲ್ಲೋ ಮಾರ್ಕೆಟ್ಟಿನದು, ಹಿಂದಿನ ತುದಿ ಪೈಪು ನಮ್ಮೂರ ವೆಲ್ಡಿಂಗ್ ಶಾಪಿನದು. ತುದಿ ಪೈಪಿಗೆ ಒರಿಜಿನಲ್ ಕೊಳ್ಳುವುದು ದಂಡ. ವೆಲ್ಡಿಂಗ್ ಗಾಡಿಯ ಮೇಲೇ ಮಾಡಿಸುವುದಾದರೆ ಬ್ಯಾಟರಿ ವೈರು ಬಿಚ್ಚಿಸಿ, ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಇರುವ ಗಾಡಿಯಾದರೆ ಅದರ ಸಾಕೆಟ್ಟನ್ನೂ.

ಈ ಲೆಕ್ಕ ಹಳೇ ಗಾಡಿಗಳಿಗೆ ಮಾತ್ರ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಗೆ ಬಿಗಿ ಮಿತಿಯ ನಿಯಮ) ಲಾರಿಯಲ್ಲಿ ಆ ಡಬ್ಬದೊಳಗೆ ಮಸಿ ಸೋಸುವ ಫಿಲ್ಟರ್, ಕ್ಯಾಟಲಿಸ್ಟ್ ಎಲ್ಲಾ ಇರುತ್ತದೆ, ಮೇಲೆ ಸೆನ್ಸರ್ ವೈರುಗಳು. ಅದನ್ನು ಗುಜರಿಯವರ ಕೈಗೂ ಕೊಡಬೇಡಿ, ವೆಲ್ಡಿಂಗಿನವರ ಕೈಗೂ ಕೊಡಬೇಡಿ. ತಮ್ಮ ಹೋದ ವರ್ಷ ಅಂಥದ್ದೊಂದು ತಗೊಂಡಿದ್ದಾನೆ. ಅದರ ಡಬ್ಬದ ರೇಟು ಕೇಳಿ ನಾನು ಫೋನ್ ಇಟ್ಟೆ.