ಒಂದು ಗೋವಿನ ಹಾಡು, ನಾಲ್ಕು ಕೀಲಿ: ಗ್ರೆಗರಿ ಮ್ಯಾಗ್ವಾಯರ್ ದಾರಿಗಳ ಹೋಲಿಕೆ

ಮಕ್ಕಳ ಕತೆಯನ್ನು ದೊಡ್ಡವರಿಗಾಗಿ ತಿರುಗಿ ಬರೆಯೋಣ ಅಂದರೆ ಬೆಂಗಳೂರಿನ ಯಾವ ಕಮ್ಮಟದಲ್ಲೂ ಮೊದಲು ಬರುವ ಮಾತು ಒಂದೇ: ಖಳನ ಬಾಯಲ್ಲಿ ಹೇಳಿಸೋಣ. ಇದಕ್ಕೆ ಅಮೆರಿಕದ ಗ್ರೆಗರಿ ಮ್ಯಾಗ್ವಾಯರ್ ಕೂಡ ಒಂದು ಕಾರಣ. ಎಲ್. ಫ್ರಾಂಕ್ ಬಾಮ್ ಮಕ್ಕಳಿಗಾಗಿ ಬರೆದ ಕತೆಯೊಂದರ ಮಾಯಾಲೋಕ ಆಜ್. ಅಲ್ಲಿನ ಪಡುವಣ ಮಾಟಗಾತಿಯನ್ನು ನಾಯಕಿ ಮಾಡಿದ ಅವರ ‘ವಿಕೆಡ್’ ಕಾದಂಬರಿ 1995ರಲ್ಲಿ ಬಂತು, 2003ರಲ್ಲಿ ನಾಟಕವಾಗಿ ನ್ಯೂಯಾರ್ಕಿನ ಬ್ರಾಡ್‌ವೇ ಹತ್ತಿತು, 2024ರಲ್ಲಿ ಸಿನಿಮಾ ಆಯಿತು. ಆದರೆ ಆಜ್ ಸರಣಿಯಿಂದ ಆಚೆ ಹೋದಾಗ ಇದೇ ಲೇಖಕ ಒಂದೊಂದು ಕತೆಗೆ ಒಂದೊಂದು ಕೀಲಿ ಹಾಕಿದ್ದಾರೆ. ಅದನ್ನು ಗಮನಿಸುವವರು ಕಡಿಮೆ.

ಅಂಥ ನಾಲ್ಕು ಕೀಲಿಗಳನ್ನು ಒಂದೇ ಬೀಗಕ್ಕೆ ಹಾಕಿ ನೋಡಿದ ಲೆಕ್ಕ ಇದು. ಬೀಗ ನಮ್ಮ ಗೋವಿನ ಹಾಡು. ನಾಲ್ಕು ಕರಡುಗಳಿಗೂ ಒಂದೇ ಅಳತೆ, 1,200 ಪದ. ನಾಲ್ಕು ಘಟನೆಗಳನ್ನು ಮುಟ್ಟುವ ಹಾಗಿಲ್ಲ: ಹುಲಿ ಅಡ್ಡಗಟ್ಟಿದ್ದು, ಪುಣ್ಯಕೋಟಿ ಭಾಷೆ ಕೊಟ್ಟು ಹೋದದ್ದು, ಮರಳಿ ಬಂದದ್ದು, ಹುಲಿ ಸತ್ತದ್ದು. ಉಳಿದದ್ದೆಲ್ಲ ಬರೆಯುವವರ ಕೈಯಲ್ಲಿ. ಹಾಡು ಬಾಯಿಪಾಠ ಇರುವವರ ಮುಂದೆ ಓದಿದಾಗ ಅವರು ಎಲ್ಲಿ ಒಪ್ಪದೆ ತಲೆ ಅಲ್ಲಾಡಿಸುತ್ತಾರೆ ಅನ್ನುವುದೇ ಪರೀಕ್ಷೆ.

ಬರೆಯುವ ಮೊದಲು ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದುಕೊಳ್ಳುವುದು ಒಳ್ಳೆಯದು. ಎಡಗಡೆ ಘಟನೆ, ಬಲಗಡೆ ಮೂಲದಲ್ಲೇ ಅದಕ್ಕೆ ಕೊಟ್ಟ ಕಾರಣ. ಹುಲಿ ತಡೆದದ್ದಕ್ಕೆ ಹಸಿವು, ಹಸು ಹೋದದ್ದಕ್ಕೆ ಕರು, ಮರಳಿದ್ದಕ್ಕೆ ಸತ್ಯ. ಹುಲಿ ಸತ್ತದ್ದಕ್ಕೆ? ‘ಒಡಹುಟ್ಟಿದ ಅಕ್ಕ’ನನ್ನು ತಿನ್ನಲಾರೆ ಅನ್ನುವುದು ಬಿಟ್ಟುಬಿಡುವುದಕ್ಕೆ ಕಾರಣ ಆದೀತು, ಸಾಯುವುದಕ್ಕೆ ಸಾಲದು. ತಿನ್ನದೆ ಸುಮ್ಮನೆ ಕಾಡಿಗೆ ಹೋಗಬಹುದಿತ್ತಲ್ಲ. ಬಲಗಡೆ ಕಾಲಂನಲ್ಲಿ ಇಂಥ ಖಾಲಿ ಮನೆ ಸಿಕ್ಕದಿದ್ದರೆ ಆ ಕತೆಯನ್ನು ಸದ್ಯಕ್ಕೆ ಬಿಡಿ.

ಈಗ ಮೊದಲ ಕೀಲಿ, ಖಳನ ದಾರಿ. ‘ವಿಕೆಡ್’ನಲ್ಲಿ ಅದು ಏಕೆ ತೆರೆಯಿತು ಅನ್ನುವುದಕ್ಕೆ ಮೂಲವನ್ನೇ ನೋಡಬೇಕು. ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಪುಸ್ತಕದಲ್ಲಿ ಆ ಮಾಟಗಾತಿಗೆ ಹೆಸರೇ ಇಲ್ಲ. ಒಂದೇ ಕಣ್ಣು, ಇಷ್ಟೇ. ಹಸಿರು ಮೈಬಣ್ಣ ಬಂದದ್ದು 1939ರ ಸಿನಿಮಾದಿಂದ. ಹೆಸರಿಲ್ಲದ ಹೆಂಗಸಿಗೆ ಮ್ಯಾಗ್ವಾಯರ್ ಬಾಮ್ ಅವರ ಇನಿಷಿಯಲ್‌ಗಳಾದ ಎಲ್, ಎಫ್, ಬಿ ಕೂಡಿಸಿ ‘ಎಲ್ಫಬಾ’ ಅಂತ ಹೆಸರಿಟ್ಟರು. ಅಪ್ಪ, ಅಮ್ಮ, ಕಾಲೇಜು, ಮಾತಾಡುವ ಪ್ರಾಣಿಗಳ ಹಕ್ಕು ಕಿತ್ತುಕೊಳ್ಳುವ ಸರ್ಕಾರ, ಎಲ್ಲವನ್ನೂ ಕೊಟ್ಟರು. ಆದರೆ ಸಾವನ್ನು ಬದಲಿಸಲಿಲ್ಲ. ಬಾಮ್ ಪುಸ್ತಕದಲ್ಲಿ ಮಾಟಗಾತಿ ತನ್ನ ಶೂ ಕಿತ್ತುಕೊಂಡ ಸಿಟ್ಟಿಗೆ ಕಥಾನಾಯಕಿ ಹುಡುಗಿ ಡೊರೊಥಿ ಒಂದು ಬಕೆಟ್ ನೀರು ಎರಚುತ್ತಾಳೆ, ಮಾಟಗಾತಿ ಕರಗಿಹೋಗುತ್ತಾಳೆ. ಮ್ಯಾಗ್ವಾಯರ್‌ನಲ್ಲಿ ಮಾಟಗಾತಿಯ ಬಟ್ಟೆಗೆ ಬೆಂಕಿ ಹತ್ತಿದೆ, ಉಳಿಸಲೆಂದು ಹುಡುಗಿ ನೀರು ಹಾಕುತ್ತಾಳೆ. ಅದೇ ನೀರು, ಅದೇ ಸಾವು. ಸಿಟ್ಟಿನ ಜಾಗದಲ್ಲಿ ಕರುಣೆ ಬಂದು ಕೂತಿದೆ. ಇಡೀ ಕಾದಂಬರಿಯಲ್ಲಿ ಕಲಿಯಬೇಕಾದ ಕಸುಬು ಇದೊಂದೇ ಅಂದರೂ ತಪ್ಪಿಲ್ಲ.

ಗೋವಿನ ಹಾಡಿಗೆ ಈ ಕೀಲಿ ಅರ್ಧ ತಿರುಗಿ ನಿಲ್ಲುತ್ತದೆ. ನಮ್ಮ ಹುಲಿಗೆ ಅರ್ಬುತ ಅಂತ ಹೆಸರಿದೆ, ಹಸಿವಿದೆ, ಕೊನೆಗೆ ಪಶ್ಚಾತ್ತಾಪವೂ ಇದೆ. ಮೂಲವೇ ನ್ಯಾಯ ಕೊಟ್ಟಾಗಿದೆ. ಲೇಖಕ ಹೊಸದಾಗಿ ವಕಾಲತ್ತು ಹಾಕುವುದೇನು? ಮೊದಲ ಕರಡಿನಲ್ಲಿ ಹುಲಿಯ ಬಾಲ್ಯ, ತಾಯಿಯನ್ನು ಬೇಟೆಗಾರರು ಕೊಂದದ್ದು, ಕಾಡು ಕಡಿದದ್ದು ಎಲ್ಲ ಸೇರಿ 900 ಪದ ನುಂಗಿತು. ಹಸು ಬರುವ ಹೊತ್ತಿಗೆ ಉಳಿದದ್ದು 300. ಈ ದಾರಿಯ ಖಾಯಂ ರೋಗ ಇದು. ಐದು ಭಾಗಗಳ ‘ವಿಕೆಡ್’ನಲ್ಲೂ ಡೊರೊಥಿಯ ಪಾಲು ಮುಖ್ಯವಾಗಿ ಬರುವುದು ಐದನೆಯದರಲ್ಲಿ. ಕಾದಂಬರಿಗೆ ಆ ಪುರಸೊತ್ತು ಉಂಟು, ಸಣ್ಣಕತೆಗೆ ಇಲ್ಲ.

ಎರಡನೆಯ ಸಲ ಬಾಲ್ಯವನ್ನು ಪೂರ್ತಿ ಕತ್ತರಿಸಿ, ಆ ಖಾಲಿ ಮನೆಯಿಂದಲೇ ಶುರು ಮಾಡಿದಾಗ ಕತೆ ಎದ್ದು ಕೂತಿತು. ಹುಲಿ ಮುದಿ. ಕೋರೆಹಲ್ಲು ಮುರಿದಿದೆ. ಕಾಡಿನ ಜಿಂಕೆ ಹಿಡಿಯಲಾರದ, ವಯಸ್ಸಾದ ಇಲ್ಲವೇ ಗಾಯಗೊಂಡ ಹುಲಿಗಳು ದನದ ಕಡೆ ತಿರುಗುವುದು ಕಾಡಂಚಿನವರಿಗೆಲ್ಲ ಗೊತ್ತಿರುವ ಸಂಗತಿ. ಮರಳಿ ಬಂದ ಹಸುವಿನ ಮೇಲೆ ಅದು ಹಾರುತ್ತದೆ, ಗುರಿ ತಪ್ಪುತ್ತದೆ, ಕೆಳಗೆ ಬಂಡೆ. ದೂರದಿಂದ ನೋಡಿದ ಕಾಳಿಂಗ ಹಟ್ಟಿಗೆ ಬಂದು ಹೇಳುತ್ತಾನೆ: “ಅದ್ಕೇ ನಾಚ್ಕೆ ಆಯ್ತು ಕಣಣ್ಣ, ತಾನಾಗೇ ಹಾರ್ಕೊಂಡ್ತು.” ಹಾಡು ಹುಟ್ಟಿದ್ದು ಆ ವಾಕ್ಯದಿಂದ. ಮರಣ ಅದೇ, ಕಾರಣ ಬೇರೆ. ಕೇಳುವವರು ತಲೆ ಅಲ್ಲಾಡಿಸಿದ್ದು ಒಂದೇ ಕಡೆ: ನಿಜ ಏನೆಂದು ಪುಣ್ಯಕೋಟಿಗೆ ಗೊತ್ತಿದ್ದೂ ಅವಳು ಸುಮ್ಮನಿರುವಲ್ಲಿ. ಸತ್ಯವೇ ತಾಯಿ ತಂದೆ ಅಂದವಳು ಕಾಳಿಂಗನ ಸುಳ್ಳಿಗೆ ತಲೆದೂಗಿದಳೇ ಅನ್ನುವ ತಕರಾರು. ಆ ತಕರಾರನ್ನು ಕತೆಯಲ್ಲಿ ಉಳಿಸಿಕೊಳ್ಳಬೇಕು, ತೆಗೆಯಬಾರದು. ದೊಡ್ಡವರ ಓದು ಶುರುವಾಗುವುದೇ ಅಲ್ಲಿ.

ಎರಡನೆಯ ಕೀಲಿ ಇತಿಹಾಸ. 1999ರ ‘ಕನ್ಫೆಷನ್ಸ್ ಆಫ್ ಆ್ಯನ್ ಅಗ್ಲಿ ಸ್ಟೆಪ್‌ಸಿಸ್ಟರ್’ ಸಿಂಡರೆಲಾಳನ್ನು 17ನೇ ಶತಮಾನದ ಹಾಲೆಂಡಿನ ಹಾರ್ಲೆಂ ಊರಿಗೆ ತಂದು ಕೂರಿಸುತ್ತದೆ. ಜಾದೂ ಇಲ್ಲ. ಬದಲಿಗೆ ಟುಲಿಪ್ ಗೆಡ್ಡೆಗಳ ಹುಚ್ಚು ವ್ಯಾಪಾರ. 1637ರ ಫೆಬ್ರವರಿಯಲ್ಲಿ ನಿಜವಾಗಿಯೂ ಕುಸಿದುಬಿದ್ದ ಆ ಮಾರುಕಟ್ಟೆಯ ಹೊಡೆತವೇ ಇಲ್ಲಿ ಮಲತಾಯಿಯ ದುರಾಸೆಗೆ ಇಂಧನ. ಯಕ್ಷಿಣಿ ಮಾಡಬೇಕಾದ ಕೆಲಸವನ್ನು ಸಾಲ ಮಾಡುತ್ತದೆ. ಕತೆ ಹೇಳುತ್ತಿರುವವರು ಯಾರು ಅನ್ನುವ ಗುಟ್ಟು ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ, ಹಾಗಾಗಿ ಕೊನೆಯ ಪುಟಗಳನ್ನು ಮುಂಚೆಯೇ ತಿರುವಬೇಡಿ. ಇದೇ ಕೀಲಿಯನ್ನು ಅವರು 2003ರ ‘ಮಿರರ್ ಮಿರರ್’ನಲ್ಲಿ ಸ್ನೋವೈಟ್‌ಗೆ ಹಾಕಿದರು. 16ನೇ ಶತಮಾನ ಶುರುವಾಗುವ ಹೊತ್ತಿನ ಇಟಲಿ, ಮಲತಾಯಿಯ ಜಾಗದಲ್ಲಿ ಇತಿಹಾಸದ ನಿಜ ವ್ಯಕ್ತಿ, ಪೋಪ್ ಒಬ್ಬರ ಮಗಳು ಲುಕ್ರೇಜಿಯಾ ಬೋರ್ಜಿಯಾ. ಇದು ಕೆಳಗಿನ ದರ್ಜೆ ಅಂತಲೇ ನಮ್ಮ ಅಭಿಪ್ರಾಯ. ಬೋರ್ಜಿಯಾ ಮನೆತನದ ಹೆಸರು ಎಷ್ಟು ಜೋರೆಂದರೆ ಪಾಪದ ಹುಡುಗಿ ಮೂಲೆಗೆ ಸರಿಯುತ್ತಾಳೆ. ಹಾರ್ಲೆಂನಲ್ಲಿ ಇದ್ದದ್ದು ಹೆಸರಿಲ್ಲದ ಸಾಲಗಾರರು. ಆದ್ದರಿಂದಲೇ ಅಲ್ಲಿ ಕತೆಗೆ ಉಸಿರಾಡಲು ಜಾಗ ಸಿಕ್ಕಿತು.

ನಮ್ಮಲ್ಲಿ ಇದಕ್ಕೆ ಸರಿಯಾದ ನೆಲ ಅಮೃತಮಹಲ್ ಕಾವಲುಗಳು, ಅಂದರೆ ಮೈಸೂರು ಅರಸರ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಆಗಿದ್ದ ದನದ ಇಲಾಖೆಗೆ ಅಮೃತಮಹಲ್ ಅಂತ ಹೆಸರು ಬಂದದ್ದು ಟಿಪ್ಪು ಕಾಲದಲ್ಲಿ. ಬೆಂಗಳೂರಿನ ಸುತ್ತ ಇವತ್ತಿಗೂ ‘ಕಾವಲ್’ ಅಂತ ಕೊನೆಯಾಗುವ ಊರ ಹೆಸರುಗಳಿವೆ. ಮೊದಲ ಎಡವಟ್ಟು ಇಲ್ಲೇ ಆಯಿತು. ಟಿಪ್ಪುವನ್ನು ಒಂದೇ ಒಂದು ಪ್ಯಾರಾದಲ್ಲಿ ಕುದುರೆ ಮೇಲೆ ದಾಟಿಸಿದ್ದಕ್ಕೆ, ಓದು ಮುಗಿದ ಮೇಲೆ ಹಸುವಿನ ಮಾತೇ ಇಲ್ಲ, ಟಿಪ್ಪು ಬಗ್ಗೆ ಮುಕ್ಕಾಲು ಗಂಟೆ ಜಗಳ. ಬೋರ್ಜಿಯಾ ರೋಗದ ಬೆಂಗಳೂರು ಅವತಾರ! ರಾಜರನ್ನು ಹೊರಗೇ ನಿಲ್ಲಿಸಿ.

ಎರಡನೆಯ ಎಡವಟ್ಟು ಇನ್ನೂ ಸೂಕ್ಷ್ಮ. ಹಸಿವು ಬೇಕು ಅಂತ ಕತೆಯನ್ನು 1876–78ರ ಮಹಾಕ್ಷಾಮಕ್ಕೆ ಸಾಗಿಸಿದಾಗ ಎಲ್ಲ ಸರಿಹೋದಂತೆ ಕಂಡಿತು. ಸರಿಹೋಗಿರಲಿಲ್ಲ. ಬರಗಾಲದಲ್ಲಿ ಮೊದಲು ಸಾಯುವುದು ದನ. ದನ ಬಿದ್ದಲ್ಲೆಲ್ಲ ಹುಲಿಗೆ ಊಟ. ಕ್ಷಾಮ ಜೋರಾಗಿರುವಾಗ ಹುಲಿ ಹಸಿದಿರುವುದಿಲ್ಲ. ಕತೆಯನ್ನು 1879ಕ್ಕೆ ತಳ್ಳಿದರೆ ಗಂಟು ಬಿಚ್ಚುತ್ತದೆ: ಸತ್ತ ದನ ಮುಗಿದಿವೆ, ಉಳಿದ ಹಸುಗಳು ಬೆರಳೆಣಿಕೆ, ಗೊಲ್ಲನಿಗೆ ಒಂದು ಹಸು ಅಂದರೆ ಒಂದು ವರ್ಷದ ಅನ್ನ. ಅಲ್ಲಿಗೆ ಪುಣ್ಯಕೋಟಿಯ ಭಾಷೆ ಅವಳೊಬ್ಬಳದೇ ಆಗಿ ಉಳಿಯುವುದಿಲ್ಲ. ಕಾಳಿಂಗ ಅವಳನ್ನು ಗೂಟಕ್ಕೆ ಕಟ್ಟಿಹಾಕಬಹುದು. ಯಾಕೆ ಕಟ್ಟಲಿಲ್ಲ? ಹೊಸ ಖಾಲಿ ಮನೆ. ಈ ದಾರಿಯಲ್ಲಿ ಇಸವಿ ಆರಿಸುವುದೇ ಅರ್ಧ ಕೆಲಸ, ಎರಡು ವರ್ಷ ಆಚೀಚೆ ಆದರೂ ಕತೆ ಕುಂಟುತ್ತದೆ.

ಜಾದೂ ತೆಗೆಯುವಾಗ ಮಾತಾಡುವ ಹಸುವನ್ನು ಏನು ಮಾಡುವುದು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಹಸುವನ್ನು ಹೆಂಗಸಾಗಿಸಿ, ಹುಲಿಯನ್ನು ಹೊಸೂರು ರಸ್ತೆಯ ಗಾರ್ಮೆಂಟ್ಸ್ ಸೂಪರ್‌ವೈಸರ್ ಮಾಡಿದ ಕರಡೂ ಒಂದಿದೆ. ಎರಡನೇ ಪುಟದಲ್ಲೇ ಎಲ್ಲರಿಗೂ ಕೊನೆ ಗೊತ್ತಾಗಿಬಿಡುತ್ತದೆ. ಬೇಡ.

ಮೂರನೆಯ ಕೀಲಿಯೇ ನಮ್ಮ ಮಟ್ಟಿಗೆ ಗೆದ್ದದ್ದು: ಪಕ್ಕದ ಪಾತ್ರ. ಲೂಯಿಸ್ ಕ್ಯಾರಲ್‌ನ 1865ರ ‘ಆಲಿಸ್’ನ ಎರಡನೆಯ ಅಧ್ಯಾಯದಲ್ಲಿ, ತಾನು ಯಾರಾಗಿ ಬದಲಾಗಿದ್ದೇನೆ ಅಂತ ಆಲಿಸ್ ಯೋಚಿಸುವಾಗ ‘ಏಡಾ’ ಅನ್ನುವ ಹುಡುಗಿಯ ಹೆಸರು ಬರುತ್ತದೆ. ಅವಳದು ಉದ್ದನೆಯ ಗುಂಗುರು ಕೂದಲು, ಆದ್ದರಿಂದ ತಾನು ಏಡಾ ಅಲ್ಲ ಅನ್ನುತ್ತಾಳೆ. ಅಷ್ಟೇ. 150 ವರ್ಷದ ನಂತರ, 2015ರಲ್ಲಿ, ಆ ಒಂದು ಮಾತಿನಿಂದ ಮ್ಯಾಗ್ವಾಯರ್ ‘ಆಫ್ಟರ್ ಆಲಿಸ್’ ಎಬ್ಬಿಸಿದರು. ಬೆನ್ನಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡ ಏಡಾ, ಆಲಿಸ್ ಬಿದ್ದ ಬಿಲಕ್ಕೇ ಬೀಳುತ್ತಾಳೆ.

ಗೋವಿನ ಹಾಡಿನಲ್ಲಿ ಏಡಾ ಯಾರು? ಹುಡುಕಬೇಕಾಗಿಲ್ಲ, ಎಲ್ಲರ ಬಾಯಲ್ಲೂ ಇದ್ದಾಳೆ. ‘ಮುಂದೆ ಬಂದರೆ ಹಾಯದಿರಿ, ಹಿಂದೆ ಬಂದರೆ ಒದೆಯದಿರಿ’ ಅಂತ ಪುಣ್ಯಕೋಟಿ ಕೈಮುಗಿದು ಕರುವನ್ನು ಒಪ್ಪಿಸುತ್ತಾಳಲ್ಲ, ಆ ಸಾಲು ಕೇಳಿಸಿಕೊಂಡು ನಿಂತ ಇನ್ನೊಂದು ಹಸು.

ಹಾಡಿದವರಿಗೆ ಹಟ್ಟಿ ಚೆನ್ನಾಗಿ ಗೊತ್ತಿತ್ತು. ಹಸು ತನ್ನ ಕರುವನ್ನು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ. ಕೆಚ್ಚಲಿಗೆ ಬಾಯಿ ಹಾಕಿದ ಕರುವಿನ ಬಾಲದ ಬುಡ ಮೂಸುತ್ತದೆ. ತನ್ನದಲ್ಲ ಅಂತಾದರೆ ಹಿಂಗಾಲು ಬೀಸುತ್ತದೆ. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸಿ ಹಾಲು ಕರೆಯುತ್ತಿದ್ದದ್ದೂ ಅದಕ್ಕೇ. ಅಂದರೆ ‘ಒದೆಯದಿರಿ’ ಅನ್ನುವುದು ಬರೀ ವಿನಯದ ಮಾತಲ್ಲ. ಮೈಗೆ ಅಂಟಿದ ಸ್ವಭಾವವನ್ನೇ ಮೀರು ಅಂತ ಕೇಳಿದ ಹಾಗೆ. ಕರಡು ಪೂರ್ತಿ ಆ ಒಂದು ಹೊತ್ತಿನದು. ಕರು ಬರುತ್ತದೆ, ಹಸು ಮೂಸುತ್ತದೆ, ಒದೆಯುತ್ತದೆ. ಮತ್ತೆ ಬರುತ್ತದೆ, ಮತ್ತೆ ಒದೆ. ಮೂರನೆಯ ಸಲ ಕಾಲು ಎತ್ತಿ ಹಾಗೇ ಹಿಡಿದು ನಿಲ್ಲುತ್ತದೆ. ಹಾಲು ಇಳಿಯುತ್ತದೆ. ಅಷ್ಟರಲ್ಲಿ ಗೇಟಿನಾಚೆ ಪುಣ್ಯಕೋಟಿಯ ಗಂಟೆ ಸದ್ದು, ಬದುಕಿ ಬಂದಿದ್ದಾಳೆ. ಕರು ಬಾಯಿ ಬಿಟ್ಟು ಓಡುತ್ತದೆ. ಕೆಚ್ಚಲಲ್ಲಿ ಇಳಿದ ಹಾಲು ಇಳಿದೇ ಇದೆ. ಇಷ್ಟಕ್ಕೆ 1,200 ಪದ ಹಿಡಿಯಲಿಲ್ಲ, 850ಕ್ಕೇ ಮುಗಿಯಿತು, ಯಾರೂ ತಲೆ ಅಲ್ಲಾಡಿಸಲಿಲ್ಲ. (‘ಗೇಟು’ ಯಾಕೆ, ಹಟ್ಟಿಗೆ ತಡಿಕೆ ಇರುತ್ತದಲ್ಲ ಅಂದವರಿದ್ದಾರೆ. ತಿದ್ದಲಾಗಿದೆ.)

ಕೊರತೆ ಇಲ್ಲವೆಂದಲ್ಲ. ಪಕ್ಕದ ಪಾತ್ರಕ್ಕೆ ಮುಖ್ಯ ಘಟನೆ ಕಾಣುವುದಿಲ್ಲ. ಏಡಾ ಹೋದಲ್ಲೆಲ್ಲ ಆಲಿಸ್ ಆಗಲೇ ಮುಂದೆ ಹೋಗಿರುತ್ತಾಳೆ. ನಡುವೆ ಪುಸ್ತಕ ಸೊರಗುವುದು ಅದಕ್ಕೇ, ಮತ್ತು ಲೇಖಕರು ಪದೇಪದೇ ಬಿಲದಿಂದ ಮೇಲೆ, ಆಕ್ಸ್‌ಫರ್ಡ್‌ಗೆ, ಆಲಿಸ್‌ಳ ಅಕ್ಕ ಲಿಡಿಯಾಳ ಬಳಿಗೆ ಹಾರುವುದೂ ಅದಕ್ಕೇ. ನಮ್ಮ ಹಸುವಿಗೂ ಬೆಟ್ಟ ಕಾಣದು. ಅವಳನ್ನು ಬೆಟ್ಟಕ್ಕೆ ಕಳಿಸಿ ಪೊದೆಯ ಹಿಂದೆ ನಿಲ್ಲಿಸಿದ ಕ್ಷಣಕ್ಕೆ ಈ ಕೀಲಿ ಮುರಿಯುತ್ತದೆ. ಹಾಗಾಗಿ ಇದು ಸಣ್ಣಕತೆಯ ದಾರಿ. ಕಾದಂಬರಿ ಮಾಡಬೇಕಾದರೆ ಇನ್ನೊಂದು ಎಳೆ ಬೇಕೇಬೇಕು.

ನಾಲ್ಕನೆಯದು ಪೂರ್ವಕತೆ. 2017ರ ‘ಹಿಡನ್‌ಸೀ’ ಜರ್ಮನ್ ಲೇಖಕ ಹಾಫ್‌ಮನ್‌ನ 1816ರ ನಟ್‌ಕ್ರ್ಯಾಕರ್ ಕತೆಯಲ್ಲಿ ಗೊಂಬೆ ಮಾಡಿಕೊಡುವ ಡ್ರಾಸೆಲ್‌ಮೇಯರ್‌ನ ಹಿಂದಿನ ಬದುಕು ಹೇಳುತ್ತದೆ. ಕಾಳಿಂಗನ ಮೇಲೆ ಪ್ರಯೋಗಿಸಿದಾಗ ವಂಶಾವಳಿ ಬೆಳೆಯಿತೇ ಹೊರತು ಕತೆ ಬೆಳೆಯಲಿಲ್ಲ. ಮೂಲದ ಮೊದಲ ಸಾಲಿಗೆ ತಲುಪಿ ನಿಲ್ಲುವ ಕತೆಗೆ ತನ್ನದೇ ಅಂತ್ಯ ಇರುವುದಿಲ್ಲ.

ಕನ್ನಡದಲ್ಲಿ ಬರೆಯುವವರು ಹಕ್ಕುಸ್ವಾಮ್ಯವನ್ನು ಮೊದಲೇ ನೋಡಿಕೊಳ್ಳಬೇಕು. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಭಾರತದ ಲೆಕ್ಕ. ಗೋವಿನ ಹಾಡು ಜನಪದರದು, ತೊಂದರೆಯಿಲ್ಲ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರು ಇದ್ದಾಗಲೇ ಅಚ್ಚಾದ ಕತೆಗಳನ್ನು ಧಾರಾಳವಾಗಿ ಮುಟ್ಟಬಹುದು. ಕಿಂದರಿಜೋಗಿಯ ಕಡೆ ಕೈ ಚಾಚುವವರು ಹುಷಾರು: ಇಲಿ ಓಡಿಸುವ ಜೋಗಿಯ ಹಳೆಯ ಐರೋಪ್ಯ ಕತೆ ಎಲ್ಲರದ್ದು, ಆದರೆ ಬೊಮ್ಮನಹಳ್ಳಿ, ಅಲ್ಲಿನ ಸಾಲುಗಳು ಕುವೆಂಪು ಅವರದು. ಅವರು 1994ರಲ್ಲಿ ತೀರಿಕೊಂಡದ್ದರಿಂದ 2054ರ ಕೊನೆಯವರೆಗೆ ಅನುಮತಿ ಬೇಕು.

ಮ್ಯಾಗ್ವಾಯರ್ ಓದಲು ಹೊರಟವರು ಮೊದಲು ಬಾಮ್ ಓದಲಿ. 24 ಸಣ್ಣ ಅಧ್ಯಾಯ, ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಆಮೇಲೆ ‘ವಿಕೆಡ್’ಗಿಂತ ಮೊದಲು ಹಾರ್ಲೆಂ ಕಾದಂಬರಿಯನ್ನೇ ಕೈಗೆತ್ತಿಕೊಳ್ಳಿ ಅನ್ನುವುದು ನಮ್ಮ ಸಲಹೆ, ಕಸುಬು ಅಲ್ಲಿ ಬಿಡಿಸಿಟ್ಟ ಹಾಗೆ ಕಾಣುತ್ತದೆ. ಚರ್ಚ್ ಸ್ಟ್ರೀಟಿನ ಅಂಗಡಿಯಲ್ಲಿ ಸಿನಿಮಾ ಚಿತ್ರ ಹೊದ್ದ ‘ವಿಕೆಡ್’ ಕಂಡಿತೆಂದು ಹತ್ತು ವರ್ಷದ ಮಗುವಿಗೆ ಕೊಡಿಸಬೇಡಿ. ನಾಟಕದಲ್ಲಿ ಎಲ್ಫಬಾ ಕರಗಿದಂತೆ ನಟಿಸಿ ಪಾರಾಗುತ್ತಾಳೆ. ಕಾದಂಬರಿಯಲ್ಲಿ ನಿಜವಾಗಿ ಸಾಯುತ್ತಾಳೆ, ಅದಕ್ಕೂ ಮುಂಚೆ ಮಕ್ಕಳಿಗೆ ಹೇಳಲಾಗದ್ದು ಬೇಕಾದಷ್ಟು ನಡೆದಿರುತ್ತದೆ.