ಕರೆಂಟ್ ಹೋಗುವ ಊರಲ್ಲಿ 2025ರ ಆಟಗಳು

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಜೂನ್ ಬಂತೆಂದರೆ ಯಾವುದೋ ಮರ ಯಾವುದೋ ತಂತಿಯ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ನನ್ನ ಲ್ಯಾಪ್‌ಟಾಪಿಗೆ ಐದು ವರ್ಷ ತುಂಬಿದೆ. ಬ್ಯಾಟರಿ ಇಪ್ಪತ್ತು ನಿಮಿಷ ಬಂದರೆ ಪುಣ್ಯ. ಇನ್ವರ್ಟರ್ ಇದೆ, ಆದರೆ ಅದು ಅಡುಗೆಮನೆ ದೀಪಕ್ಕೆ ಮತ್ತು ಅಪ್ಪಯ್ಯನ ಟಿವಿಗೆ. ಆಟಕ್ಕಲ್ಲ ಅಂತ ತಂದ ದಿನವೇ ತೀರ್ಮಾನವಾಗಿದೆ. ಹಾಗಾಗಿ ಒಂದು ಆಟ ಹೇಗಿದೆ ಅಂತ ಯಾರಾದರೂ ಕೇಳಿದರೆ ಗ್ರಾಫಿಕ್ಸ್, ಕಥೆ ಎಲ್ಲ ಆಮೇಲೆ. ನಡುವೆ ಕರೆಂಟ್ ಹೋದರೆ ಕೈಯಲ್ಲಿ ಏನು ಉಳಿಯುತ್ತದೆ? ಅದು ಮೊದಲು.

ಈ ಪರೀಕ್ಷೆಯಲ್ಲಿ ಪೂರ್ತಿ ಫೇಲಾದದ್ದು ಬ್ಲೂ ಪ್ರಿನ್ಸ್. ಈ ವರ್ಷ ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ.

ಏಪ್ರಿಲ್‌ನಲ್ಲಿ ಬಂದ ಆಟ. ಹುಡುಗನೊಬ್ಬನಿಗೆ ದೊಡ್ಡಜ್ಜ ಬಂಗಲೆಯನ್ನು ಬರೆದಿಟ್ಟು ಹೋಗಿದ್ದಾನೆ, ಆದರೆ ಒಂದು ಷರತ್ತು. 45 ಕೋಣೆಗಳ ಆ ಮನೆಯಲ್ಲಿ 46ನೇ ಕೋಣೆಯನ್ನು ಹುಡುಕಬೇಕು. ಪ್ರತಿ ಬಾಗಿಲ ಮುಂದೆ ನಿಂತಾಗ ಮೂರು ಕೋಣೆಗಳ ನಕ್ಷೆ ತೋರಿಸುತ್ತದೆ. ಒಂದನ್ನು ಆರಿಸಿದರೆ ಬಾಗಿಲ ಆಚೆ ಅದೇ ಕೋಣೆ ಇರುತ್ತದೆ. ದಿನಕ್ಕೆ ಶುರುವಿನಲ್ಲಿ 50 ಹೆಜ್ಜೆ ಮಾತ್ರ. ಅದು ಮುಗಿದರೆ ದಿನ ಮುಗಿಯಿತು. ಮರುದಿನ ಬೆಳಿಗ್ಗೆ ಮನೆ ಮತ್ತೆ ಖಾಲಿ, ಮೊದಲಿನಿಂದ ಕಟ್ಟಬೇಕು. ಅಜ್ಜಿಯ ತವರುಮನೆಯಲ್ಲಿ ಚಿಕ್ಕವನಿದ್ದಾಗ ನನಗೆ ಹೀಗೇ ಆಗುತ್ತಿತ್ತು. ಜಗಲಿ, ನಡುಮನೆ, ಕತ್ತಲೆ ಕೋಣೆ, ಎಲ್ಲಿಂದಲೋ ಮೆತ್ತಿಗೆ ಹತ್ತುವ ಮೆಟ್ಟಿಲು. ನಿನ್ನೆ ಇದ್ದ ಬಾಗಿಲು ಇವತ್ತು ಸಿಗುತ್ತಿರಲಿಲ್ಲ.

ತೊಂದರೆ ಏನೆಂದರೆ, ನಾನು ಆಡುವಾಗ ಇದರಲ್ಲಿ ದಿನದ ನಡುವೆ ಸೇವ್ ಮಾಡಲು ಆಗುತ್ತಿರಲಿಲ್ಲ. ದಿನ ಮುಗಿದರಷ್ಟೇ ಸೇವ್. ಒಂದು ದಿನ ಅಂದರೆ ಕೆಲವೊಮ್ಮೆ ಒಂದು ಗಂಟೆ. ಜುಲೈನ ಒಂದು ರಾತ್ರಿ ಮನೆಯ ತುದಿಯ, 46ನೇ ಕೋಣೆಗೆ ಮುಂಚಿನ ಆಂಟೆಚೇಂಬರ್‌ಗೆ ಇನ್ನೊಂದೇ ಕೋಣೆ ಬಾಕಿ ಇತ್ತು. ಕರೆಂಟ್ ಹೋಯಿತು. ಬ್ಯಾಟರಿಯೂ ಕೈಕೊಟ್ಟಿತು. ಕರೆಂಟ್ ಬಂದದ್ದು ಮರುದಿನ ಸಂಜೆ. ತೆರೆದು ನೋಡಿದರೆ ಆ ದಿನ ನಡೆದೇ ಇಲ್ಲ ಎಂಬಂತೆ ಹುಡುಗ ಬಾಗಿಲಲ್ಲಿ ನಿಂತಿದ್ದ.

ಸಿಟ್ಟಿನಲ್ಲಿ ಅನ್‌ಇನ್‌ಸ್ಟಾಲ್ ಮಾಡಬೇಕಿತ್ತು. ಮಾಡಲಿಲ್ಲ, ಯಾಕೆಂದರೆ ಪುಸ್ತಕ ಇತ್ತು. ನೋಟ್ಸ್ ಬರೆದುಕೊಳ್ಳಿ ಅಂತ ಆಟವೇ ಹೇಳುತ್ತದೆ. ನಾನು ಕೈಗೆ ಸಿಕ್ಕ ಅಡಿಕೆ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಿದ್ದೆ. ಈ ಆಟದಲ್ಲಿ ನಿಜವಾಗಿ ಮುಂದೆ ಹೋಗುವುದು ನಮ್ಮ ತಿಳಿವಳಿಕೆ. ಯಾವ ಚಿತ್ರದ ಪಕ್ಕ ಯಾವ ಚಿತ್ರ ಇತ್ತು, ಯಾವ ಕಾಗದದಲ್ಲಿ ಯಾವ ಸುಳಿವು ಇತ್ತು, ಅದೆಲ್ಲ ಪುಸ್ತಕದಲ್ಲಿ ಭದ್ರವಾಗಿತ್ತು. ಹೋದದ್ದು ಒಂದು ದಿನ ಮಾತ್ರ. ತಿಂಗಳ ನಂತರ ಅಪ್ಪಯ್ಯ ಲೆಕ್ಕ ನೋಡಲು ಕೂತು, ಕೂಲಿ ಬಟವಾಡೆಯ ಪಕ್ಕ "ಬಾಯ್ಲರ್ ರೂಮಿನ ಉಗಿ ಎಲ್ಲಿಗೆ ಹೋಗ್ತದೆ?" ಅಂತ ಓದಿ, "ಎಂತದಾ ಇದು, ಅಡಿಕೆ ಬೇಯ್ಸೋ ಒಲೆ ವಿಷ್ಯವಾ?" ಅಂದರು. ಹೌದು ಅಂದೆ.

ಒಂದು ದೂರು ಮಾತ್ರ ಇದೆ. ಕೆಲವು ಒಗಟುಗಳು ಇಂಗ್ಲಿಷ್ ಪದಗಳ ಮೇಲೇ ನಿಂತಿವೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅಲ್ಲಿ ಡಿಕ್ಷನರಿ ಬೇಕು. ನಾನು ಇಟ್ಟುಕೊಂಡೇ ಆಡಿದೆ.

ಬಲಾಟ್ರೋ 2024ರದ್ದು. ಆದರೆ ಫೋನಿನಲ್ಲಿ ನಾನು ಈ ವರ್ಷವಿಡೀ ಆಡಿದ್ದು ಅದನ್ನೇ. ಇಸ್ಪೀಟ್ ಎಲೆಗಳು, ಪೋಕರ್ ಲೆಕ್ಕ. ಜೋಡಿ ಹಾಕಿದರೆ ಇಷ್ಟು, ಒಂದೇ ಜಾತಿಯ ಐದು ಎಲೆ ಹಾಕಿದರೆ ಇಷ್ಟು. ಜೊತೆಗೆ 150 ಬಗೆಯ ಜೋಕರ್‌ಗಳಿವೆ. ಒಬ್ಬೊಬ್ಬನೂ ನಿಯಮವನ್ನು ಒಂದೊಂದು ರೀತಿ ತಿರುಚುತ್ತಾನೆ. ಮೊದಲ ಸುತ್ತಿಗೆ 300 ಅಂಕ ಸಾಕು. ಕೊನೆಕೊನೆಗೆ ಸಾವಿರ, ಲಕ್ಷದಲ್ಲಿ ಆಟ. ಕರೆಂಟಿನ ಹಂಗಿಲ್ಲ, ನೆಟ್ಟಿನ ಹಂಗಿಲ್ಲ. ನಡುವೆ ಯಾರಾದರೂ ಕರೆದರೆ ಫೋನ್ ಜೇಬಿಗೆ ಹಾಕಿ ಹೋಗಬಹುದು. ಮತ್ತೆ ತೆರೆದರೆ ಬಿಟ್ಟಲ್ಲಿಂದಲೇ ಸಿಗುತ್ತದೆ.

ಅಜ್ಜಿ ಒಂದು ದಿನ ಹಿಂದಿನಿಂದ ನೋಡಿ ಗಾಬರಿಯಾದರು. "ಇಸ್ಪೀಟಾ? ದುಡ್ಡು ಎಷ್ಟು ಕಟ್ಟಿದೀಯಾ?" ದುಡ್ಡು ಕಟ್ಟುವ ಆಟ ಅಲ್ಲ ಅಂತ ತಿಳಿಸಿ ಹೇಳಲು ಒಂದು ವಾರ ಹಿಡಿಯಿತು. ಅಜ್ಜಿಯದು ತಪ್ಪೇನಿಲ್ಲ ಬಿಡಿ. ಯುರೋಪಿನಲ್ಲಿ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಪೆಗಿ ಸಂಸ್ಥೆಯೂ ಇದನ್ನು ಜೂಜು ಕಲಿಸುವ ಆಟ ಅಂತ 18ಕ್ಕೆ ಮೇಲಿನವರ ಸಾಲಿಗೆ ಹಾಕಿ, 2025ರ ಫೆಬ್ರವರಿಯಲ್ಲಿ 12ಕ್ಕೆ ಇಳಿಸಿತು. ಈಗ ಅಜ್ಜಿ ಪಕ್ಕದಲ್ಲಿ ಕೂತು "ಆಟೀನ್ ಎಲ್ಲ ಇಟ್ಕೊ, ಕಳಾವರ್ ಬಿಡು" ಅಂತಾರೆ. ಅವರ ಮಾತು ಕೇಳಿ ಸೋತದ್ದೇ ಜಾಸ್ತಿ.

ಸ್ಟಾರ್ಡ್ಯೂ ವ್ಯಾಲಿಯನ್ನು ಹೊಸದಾಗಿ ಹೇಳುವುದೇನಿದೆ, 2016ರ ಆಟ. ಎರಿಕ್ ಬ್ಯಾರನ್ ಎಂಬ ಒಬ್ಬನೇ ನಾಲ್ಕೂವರೆ ವರ್ಷ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲ ಮಾಡಿದ್ದು. ತೋಟದಲ್ಲಿ ಕೆಲಸ ಮಾಡಿ ಬಂದು ಮತ್ತೆ ತೋಟದ ಆಟವಾ ಅಂತ ತಂಗಿ ನಗುತ್ತಾಳೆ. ಆದರೆ ಅಲ್ಲಿನ ಮಳೆ ನೋಡಬೇಕು! ಮಳೆ ಬಂದರೆ ಆ ದಿನ ಗಿಡಕ್ಕೆ ನೀರು ಹಾಕುವ ಕೆಲಸ ಇಲ್ಲ, ಸುಮ್ನೆ ಮೀನು ಹಿಡಿಯಲು ಹೋಗಬಹುದು. ಟಿವಿಯಲ್ಲಿ ನಾಳೆ ಮಳೆ ಅಂದರೆ ನಾಳೆ ಮಳೆಯೇ. ಇಲ್ಲಿ ಬಿಸಿಲು ಅಂದದ್ದನ್ನು ನಂಬಿ ಮೈಲುತುತ್ತ, ಸುಣ್ಣ ಕಲಸಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ರೆಡಿ ಮಾಡಿದರೆ, ಹೊಡೆಯುವವರು ಮರ ಹತ್ತುವಷ್ಟರಲ್ಲಿ ಮಳೆ ಹೊಯ್ಯುತ್ತದೆ. ಮಳೆ ಬಿಡದೆ ಹೋದರೆ ಕಾಯೆಲ್ಲ ಕೊಳೆತು ಬುಡಕ್ಕೆ ಉದುರುತ್ತದೆ. ಅಂಥ ದಿನ ರಾತ್ರಿ ಕುಂಬಳಕಾಯಿ ಬೆಳೆದು ಮಾರುವುದರಲ್ಲಿ ಒಂದು ಸಮಾಧಾನ ಇದೆ. ಮಲಗಿದಾಗ ಮಾತ್ರ ಸೇವ್ ಆಗುತ್ತದೆ, ಆದರೆ ಒಂದು ದಿನಕ್ಕೆ ಹದಿನೈದು ನಿಮಿಷವೂ ಬೇಡ. ಬ್ಯಾಟರಿಯ ಇಪ್ಪತ್ತು ನಿಮಿಷದೊಳಗೆ ಮಲಗಿಸಿಬಿಡಬಹುದು.

ಈ ವರ್ಷ ಎಲ್ಲರೂ ಹೊಗಳಿದ, ಡಿಸೆಂಬರ್‌ನಲ್ಲಿ ವರ್ಷದ ಆಟ ಅಂತ ಪ್ರಶಸ್ತಿಯನ್ನೂ ಪಡೆದ ಎಕ್ಸ್‌ಪೆಡಿಷನ್ 33 ನನ್ನ ಲ್ಯಾಪ್‌ಟಾಪಿನಲ್ಲಿ ಏಳುವುದೇ ಇಲ್ಲ. ಶಿವಮೊಗ್ಗದ ಗೋಪಾಳದಲ್ಲಿ ಭಾವನ ಮನೆಗೆ ಹೋದಾಗ ಎರಡು ರಾತ್ರಿ ಆಡಿದೆ. ಚೆನ್ನಾಗಿದೆ. ಭಾವ ಸುಮ್ಮನೆ ಆಡಲು ಬಿಟ್ಟಿದ್ದರೆ ಇನ್ನೂ ಹೇಳುತ್ತಿದ್ದೆನೇನೋ, ಪಕ್ಕದಲ್ಲಿ ಕೂತು ಕಥೆಯನ್ನೆಲ್ಲ ಮೊದಲೇ ಹೇಳಿಬಿಟ್ಟರು.

ಇನ್ನು ಸಿಲ್ಕ್‌ಸಾಂಗ್, ಹುಳುಗಳ ಲೋಕದಲ್ಲಿ ಕಾದಾಡುತ್ತಾ ಸಾಗುವ ಆಟ. ಬರುತ್ತದೆ ಅಂತ 2019ರಲ್ಲೇ ಹೇಳಿ, ಕೊನೆಗೆ 2025ರ ಸೆಪ್ಟೆಂಬರ್ 4ರಂದು ಬಂತು. ನಮ್ಮಲ್ಲಿ ಸಂಜೆ ಏಳೂವರೆ. ಆಶ್ಚರ್ಯ ಅಂದರೆ ಅವತ್ತು ಕರೆಂಟೂ ಇತ್ತು, ನೆಟ್ಟೂ ಇತ್ತು. ಆದರೆ ಆಟ ಮಾರುವ ಆನ್‌ಲೈನ್ ಅಂಗಡಿಯ ಪುಟವೇ ತೆರೆಯಲಿಲ್ಲ, ಜಗತ್ತೆಲ್ಲ ಒಟ್ಟಿಗೆ ನುಗ್ಗಿತ್ತು. ಊಟ ಮಾಡಿ ಬಂದು ತೆಗೆದುಕೊಂಡೆ.

ತುಂಬಾ ಕಷ್ಟದ ಆಟ. ಹಲವು ಶತ್ರುಗಳ ಒಂದೇ ಪೆಟ್ಟಿಗೆ ಎರಡು ಜೀವ ಹೋಗುತ್ತದೆ. ಸುಧಾರಿಸಿಕೊಳ್ಳಲು ಬೆಂಚು ಸಿಗುತ್ತದೆ, ಆದರೆ ಕೆಲವು ಬೆಂಚಿನ ಮೇಲೆ ಕೂರಲು ಅಲ್ಲಿನ ದುಡ್ಡು ಕೊಡಬೇಕು! ನಮ್ಮ ಬಸ್‌ಸ್ಟ್ಯಾಂಡಿನಲ್ಲೂ ಕೂರುವುದಕ್ಕೆ ಕಾಸು ಕೇಳುವುದಿಲ್ಲ. ಸತ್ತರೂ, ಆಟ ಮುಚ್ಚಿ ತೆರೆದರೂ, ಕೊನೆಯ ಬೆಂಚಿನಿಂದಲೇ ಮತ್ತೆ ಹೊರಡಬೇಕು. ಲಾಸ್ಟ್ ಜಡ್ಜ್ ಎಂಬ ದೈತ್ಯನ ಹತ್ತಿರ ಹೋಗುವ ದಾರಿಯಲ್ಲೇ ನಾನು ಸತ್ತದ್ದು ಲೆಕ್ಕವಿಲ್ಲ. ಸೋತಾಗಲೆಲ್ಲ ಆ ಗಾಳಿಯ ಗುಡ್ಡವನ್ನು ಮತ್ತೆ ಹತ್ತಬೇಕು. ಆದರೂ ವಿಚಿತ್ರ ನೋಡಿ, ಇದರಲ್ಲಿ ಕರೆಂಟ್ ಹೋದರೆ ನನಗೆ ಬೇಜಾರಾಗಲಿಲ್ಲ. ಹೇಗೂ ಬೆಂಚಿನಿಂದಲೇ ಶುರು ಮಾಡುತ್ತಿದ್ದೆ, ಅಲ್ವಾ?

ಆ ಜಡ್ಜ್‌ನನ್ನು ನವೆಂಬರ್‌ನಲ್ಲಿ ಕೆಡವಿದೆ. ಸೋತ ಮೇಲೂ ಅವನು ಸುಮ್ಮನಿರುವುದಿಲ್ಲ, ಸಿಡಿಯುತ್ತಾನೆ. ಹತ್ತಿರ ನಿಂತು ಖುಷಿಪಡಬೇಡಿ. ಅಲ್ಲಿಂದ ಮುಂದೆ ಆಡಿಲ್ಲ. ಅಡಿಕೆ ಕೊನೆ ಇಳಿಸುವವರು ಬಂದರು, ಸುಲಿಯುವುದು, ಬೇಯಿಸುವುದು ಶುರುವಾಯಿತು. ಹಂಡೆಯ ಮುಂದೆ ಕಾವಲು ಕೂತವನ ಜೇಬಿನಲ್ಲಿ ಈಗ ಬಲಾಟ್ರೋ ಒಂದೇ.