ಸೂಪರ್‌ವೈಸರ್‌ಗಳಿಗೆ ತರಬೇತಿ: ವಿಡಿಯೊ ಸಾಕಾ, ಎದುರುಬದುರು ಕೂರಿಸಬೇಕಾ?

ಅಂಗವೈಕಲ್ಯ ಇರುವ ನೌಕರರು ಬಂದು ಕೆಲಸದಲ್ಲಿ ಒಂದು ಬದಲಾವಣೆ ಕೇಳಿದಾಗ ಹೇಗೆ ಮಾತಾಡಬೇಕು? ಇದನ್ನು ಸೂಪರ್‌ವೈಸರ್‌ಗಳಿಗೆ ಕಲಿಸಲು ಸಾಮಾನ್ಯವಾಗಿ ಎರಡು ದಾರಿ.

ಆನ್‌ಲೈನ್ ವಿಡಿಯೊ ಪಾಠಕ್ಕೆ ಖರ್ಚು ಕಡಿಮೆ, ರಾತ್ರಿ ಪಾಳಿಯವರೂ ನೋಡಬಹುದು. ಕಾನೂನು ತಿಳಿಸಲು ಇಷ್ಟು ಸಾಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ತಕ್ಕ ಹೊಂದಾಣಿಕೆ (ನೌಕರರಿಗೆ ಬೇಕಾದ ಸೂಕ್ತ ಬದಲಾವಣೆ) ಮಾಡಿಕೊಡಲ್ಲ ಅನ್ನುವುದೂ ಅದರ ಪ್ರಕಾರ ತಾರತಮ್ಯವೇ. ಸಮಾನ ಅವಕಾಶ ನೀತಿ ಖಾಸಗಿ ಕಂಪನಿಗಳಿಗೂ ಕಡ್ಡಾಯ. ಆದರೆ ವಿಡಿಯೊ ಓಡಿಸಿಬಿಟ್ಟು ಚಹಾ ಕುಡಿಯಲು ಹೋಗುವವರೇ ಜಾಸ್ತಿ, ಅಲ್ವಾ?

ಪಾತ್ರ ಮಾಡಿಸಿ ಕಲಿಸುವ ತರಗತಿ ದುಬಾರಿ. ಸೂಪರ್‌ವೈಸರ್‌ಗಳು ಅರ್ಧ ದಿನ ಲೈನ್, ಅಂದರೆ ಕಾರ್ಖಾನೆಯ ಕೆಲಸದ ಸಾಲು, ಬಿಟ್ಟು ಬರಬೇಕು. ಆದರೂ ನಾಲಿಗೆ ಪಳಗುವುದು ಇಲ್ಲೇ. ಗಾರ್ಮೆಂಟ್ಸ್‌ನ ಒಬ್ಬ ಟೈಲರ್‌ಗೆ ಕಿವಿ ಮಂದ ಅಂದುಕೊಳ್ಳಿ. "ನಿನಗೇನಮ್ಮ ಆಗಿರೋದು? ಸರ್ಟಿಫಿಕೇಟ್ ಇದೆಯಾ?" ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. "ಕೆಲಸದಲ್ಲಿ ಎಲ್ಲಿ ತೊಂದರೆ ಆಗ್ತಿದೆ? ಏನು ಮಾಡಿದರೆ ಅನುಕೂಲ?" ಎಂದರೆ, ಗಂಟೆ ಕೇಳಿಸುತ್ತಿಲ್ಲ, ಒಂದು ದೀಪ ಹಾಕಿಸಿ ಎಂಬ ಸಣ್ಣ ಉತ್ತರ ಸಿಗಬಹುದು. ಸೂಪರ್‌ವೈಸರ್‌ಗೆ ಬೇಕಾದದ್ದು ಅದೇ, ರೋಗದ ಹೆಸರಲ್ಲ. ಹೇಳಿದ್ದನ್ನು ಲೈನಿನ ಮುಂದೆ ಆಡಿಕೊಳ್ಳಬಾರದು ಅನ್ನುವುದನ್ನೂ ಇಲ್ಲೇ ಮನದಟ್ಟು ಮಾಡಿಸಬಹುದು.

ದುಡ್ಡು ಒಂದಕ್ಕೇ ಇದ್ದರೆ ನಾನು ತರಗತಿಯನ್ನೇ ಆರಿಸುತ್ತೇನೆ. ಕಾನೂನಿಗೆ ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಟ್ಟರಾಯಿತು. ಕಲಿಸುವವರು ಸ್ವತಃ ಅಂಗವೈಕಲ್ಯ ಇರುವವರಾಗಿದ್ದರೆ ಇನ್ನೂ ಒಳ್ಳೆಯದು. ಅವರನ್ನು ಸುಮ್ನೆ ಪುಕ್ಕಟೆ ಕರೆಸಬೇಡಿ, ಫೀಸು ಕೊಡಿ.